ಓದುಗರ ಪ್ರಶ್ನೆಗಳು: ದೊಡ್ಡ ಎಸ್‌ಎಸ್‌ಡಿ ಕೊಳ್ಳುವ ಮುನ್ನ

ಹೆಚ್ಚು ಸಾಮರ್ಥ್ಯದ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಉಳಿಸುವ ಡ್ರೈವ್) ಕೊಳ್ಳುವ ಬಗ್ಗೆ ಚಿಕ್ಕಬಳ್ಳಾಪುರ, ತುಮಕೂರು ಮತ್ತು ಕೋಲಾರ ಜಿಲ್ಲೆಗಳ ಓದುಗರು ಕೇಳಿರುವ ನಾಲ್ಕು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ, ನಾಮಕರಣಗಳನ್ನು 4ಕೆಯಲ್ಲಿ ಚಿತ್ರೀಕರಿಸಿ, ಎಡಿಟ್ ಮಾಡಿ ಕೊಡುತ್ತೇನೆ. ಕಂಪ್ಯೂಟರ್‌ಗೆ 4 ಟಿಬಿಯ ಎನ್‌ವಿಎಂಇ ಡ್ರೈವ್, ಅಂದರೆ ಹೆಚ್ಚು ವೇಗದ ಬಗೆಯ ಎಸ್‌ಎಸ್‌ಡಿ, ಹಾಕಿಸಬೇಕೆಂದಿದ್ದೇನೆ. ಪೆಟ್ಟಿಗೆಗಳ ಮೇಲೆ ವೇಗ ಹೆಚ್ಚುಕಡಿಮೆ ಒಂದೇ ಎಂದು ಬರೆದಿದ್ದರೂ ಬೆಲೆಯಲ್ಲಿ ಬಹಳ ಅಂತರವಿದೆ. ಅಗ್ಗದ್ದು ಬೇಗ ಸವೆಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಬೆಲೆಯ ಅಂತರಕ್ಕೆ ಮುಖ್ಯ ಕಾರಣ ಒಳಗಿರುವ ಫ್ಲ್ಯಾಶ್ ಚಿಪ್‌ನ ಬಗೆ. ಟಿಎಲ್‌ಸಿ ಎಂಬ ಬಗೆಯಲ್ಲಿ ಒಂದೊಂದು ಕೋಶದಲ್ಲಿ 3 ಬಿಟ್ ಮಾಹಿತಿ ಕೂರುತ್ತದೆ, ಕ್ಯೂಎಲ್‌ಸಿಯಲ್ಲಿ 4 ಬಿಟ್. ಅಷ್ಟೇ ಕೋಶಗಳಲ್ಲಿ ಹೆಚ್ಚು ತುಂಬಿಸುವುದರಿಂದ ಕ್ಯೂಎಲ್‌ಸಿ ಅಗ್ಗ. ಆದರೆ ಒಂದು ಕೋಶದಲ್ಲಿ 16 ವಿದ್ಯುತ್ ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾಗುವುದರಿಂದ ಅದರಲ್ಲಿ ಬರೆಯುವ ಕೆಲಸ ನಿಧಾನವಾಗುತ್ತದೆ, ಸವೆತವೂ ಹೆಚ್ಚುತ್ತದೆ.

ಸವೆತದ ಭಯ ಮಾತ್ರ ನಿಮ್ಮ ಕೆಲಸಕ್ಕೆ ಅನ್ವಯಿಸುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ದಾಖಲಾಗುವ 4ಕೆ ವಿಡಿಯೊ ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮೆರಾಗಳು ತಲಾ ಆರು ಗಂಟೆ ಓಡಿದರೆ 540 ಜಿಬಿ. ಎಡಿಟಿಂಗ್ ತಂತ್ರಾಂಶ ತನಗಾಗಿ ಬರೆದುಕೊಳ್ಳುವ ಕಡತಗಳು ಮತ್ತು ಕೊನೆಯ ಪ್ರತಿ ಸೇರಿ ಒಂದು ಮದುವೆಗೆ 1 ಟಿಬಿ ಬರೆಯಲಾಗುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 60 ಕಾರ್ಯಕ್ರಮಗಳಾದರೆ 60 ಟಿಬಿ. 4 ಟಿಬಿಯ ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗೆ ತಯಾರಕರು 800 ಟಿಬಿಯಷ್ಟು ಬರಹದ ಭರವಸೆ ಕೊಟ್ಟಿದ್ದರೂ ಅದು ಮುಗಿಯಲು 13 ವರ್ಷ ಬೇಕು. ಅಷ್ಟರೊಳಗೆ ನಿಮ್ಮ ಕಂಪ್ಯೂಟರೇ ಬದಲಾಗಿರುತ್ತದೆ.

ತೊಂದರೆ ಇರುವುದು ವೇಗದಲ್ಲಿ. ಪೆಟ್ಟಿಗೆಯ ಮೇಲಿನ ಅಂಕಿ ಆರಂಭದ ವೇಗವನ್ನಷ್ಟೇ ಹೇಳುತ್ತದೆ. ಡ್ರೈವ್ ತನ್ನ ಖಾಲಿ ಜಾಗದ ಒಂದು ಭಾಗದಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ಸರಸರನೆ ಬರೆದುಕೊಂಡು, ಬಿಡುವಾದಾಗ ಅದನ್ನು ಒತ್ತಾಗಿ ಜೋಡಿಸುತ್ತದೆ. ನಿಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅಂಗಳ ಖಾಲಿಯಿರುವವರೆಗೆ ಮಾಲು ಬೇಗ ಇಳಿಯುತ್ತದೆ, ತುಂಬಿದ ಮೇಲೆ ಬಂದ ಗಾಡಿ ಕಾಯಲೇಬೇಕಾಗುತ್ತದೆ, ಇಲ್ಲಿಯೂ ಹಾಗೆಯೇ. ಈ ಅಂಗಳ ಎಷ್ಟು ಕುಗ್ಗಬಹುದು ಎಂಬುದಕ್ಕೆ 2018ರಲ್ಲಿ ಬಂದ ಇಂಟೆಲ್ 660ಪಿ ಸ್ಪಷ್ಟ ಉದಾಹರಣೆ: ಅದರ 2 ಟಿಬಿ ಮಾದರಿಯಲ್ಲಿ ಡ್ರೈವ್ ಖಾಲಿಯಿದ್ದಾಗ 280 ಜಿಬಿಯಷ್ಟಿದ್ದ ಈ ಜಾಗ, ಡ್ರೈವ್ ತುಂಬುತ್ತ ಬಂದಂತೆ 24 ಜಿಬಿಗೆ ಇಳಿಯುತ್ತಿತ್ತು. ಜಾಗ ಮುಗಿದ ಮೇಲಿನ ವೇಗವನ್ನು ಹೆಚ್ಚಿನ ತಯಾರಕರು ಬಾಯಿಬಿಟ್ಟು ಹೇಳುವುದಿಲ್ಲ. ಸ್ಯಾಮ್‌ಸಂಗ್ ತನ್ನ ಸಾಟಾ (ಎನ್‌ವಿಎಂಇಗಿಂತ ಹಳೆಯ, ನಿಧಾನದ ಸಂಪರ್ಕ) ಬಗೆಯ ಕ್ಯೂಎಲ್‌ಸಿ ಡ್ರೈವ್ 870 ಕ್ಯೂವಿಓ ಬಗ್ಗೆ ಹೇಳಿದೆ: 1 ಟಿಬಿ ಮಾದರಿಯಲ್ಲಿ ಸೆಕೆಂಡಿಗೆ 80 ಎಂಬಿ, ಅದಕ್ಕಿಂತ ದೊಡ್ಡವುಗಳಲ್ಲಿ 160 ಎಂಬಿ. ಆ 160 ಎಂಬಿ ವೇಗದಲ್ಲಿ 540 ಜಿಬಿ ಬರೆಯಲು ಸುಮಾರು 56 ನಿಮಿಷ ಹಿಡಿಯುತ್ತದೆ. ಸೆಕೆಂಡಿಗೆ 1,500 ಎಂಬಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುವ ಟಿಎಲ್‌ಸಿ ಡ್ರೈವ್‌ನಲ್ಲಿ ಅದೇ ಕೆಲಸ ಆರು ನಿಮಿಷದ್ದು.

ಕ್ಯಾಮೆರಾದ ಕಾರ್ಡ್‌ನಿಂದ ನೇರವಾಗಿ ಇಳಿಸುವಾಗ ಈ ವ್ಯತ್ಯಾಸ ನಿಮಗೆ ಅಷ್ಟಾಗಿ ಕಾಣದಿರಬಹುದು, ಏಕೆಂದರೆ ಸಾಮಾನ್ಯ ಕಾರ್ಡ್ ಓಡುವುದೇ 90 ಎಂಬಿಯ ಆಸುಪಾಸಿನಲ್ಲಿ. ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಇಡೀ ಮದುವೆಯನ್ನು ಸಾಗಿಸುವಾಗ, ಅಥವಾ ಒಂದು ಕಡೆ ಎಡಿಟ್ ನಡೆಯುತ್ತಿರುವಾಗಲೇ ಮತ್ತೊಂದು ಕಡೆ ಕಡತ ತಯಾರಾಗುವಾಗ ಅದು ಕೈ ಕಟ್ಟಿಹಾಕುತ್ತದೆ.

ಚಿಪ್‌ನ ಬಗೆಯನ್ನು ಪೆಟ್ಟಿಗೆಯ ಮೇಲೆ ಬರೆಯದೆ ಬಿಡುವುದೇ ಹೆಚ್ಚು. ಹಾಗಾಗಿ ತಯಾರಕರ ಜಾಲತಾಣದಲ್ಲಿ ಟಿಬಿಡಬ್ಲ್ಯೂ ಎಂಬ ಅಂಕಿಯನ್ನು, ಅಂದರೆ ವಾರಂಟಿ ಅವಧಿಯಲ್ಲಿ ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂಬುದನ್ನು, ನೋಡಿರಿ. ಒಂದೊಂದು ಟಿಬಿ ಸಾಮರ್ಥ್ಯಕ್ಕೆ 600ರ ಆಸುಪಾಸಿನಲ್ಲಿದ್ದರೆ ಅದು ಬಹುತೇಕ ಟಿಎಲ್‌ಸಿ. 200ರಿಂದ 400ರ ನಡುವೆ ಇದ್ದರೆ ಕ್ಯೂಎಲ್‌ಸಿ ಇರಬಹುದೆಂದು ಅನುಮಾನಿಸಿ ವಿಚಾರಿಸಬೇಕು.

ನನ್ನ ಸಲಹೆ ಇದು: 4 ಟಿಬಿಯ ಅಗ್ಗದ ಡ್ರೈವ್‌ಗೆ ಬದಲಾಗಿ, ತನ್ನದೇ ಡಿರ್ಯಾಮ್ (ಡ್ರೈವ್‌ನ ಕೆಲಸಕ್ಕೆಂದೇ ಇರುವ ವೇಗದ ಮೆಮೊರಿ ಚಿಪ್) ಇರುವ 2 ಟಿಬಿಯ ಟಿಎಲ್‌ಸಿ ಡ್ರೈವ್ ಕೊಂಡು, ಅದರಲ್ಲಿ ಸದ್ಯ ನಡೆಯುತ್ತಿರುವ ಎರಡು-ಮೂರು ಕಾರ್ಯಕ್ರಮಗಳನ್ನಷ್ಟೇ ಇರಿಸಿ, ಮುಗಿದವನ್ನು ಎರಡು ಬೇರೆಬೇರೆ ಹಾರ್ಡ್ ಡಿಸ್ಕ್‌ಗಳಿಗೆ ವರ್ಗಾಯಿಸಿರಿ. ಎಸ್‌ಎಸ್‌ಡಿಯನ್ನು ಬಿಚ್ಚಿ ಬೀರುವಿನಲ್ಲಿಟ್ಟು ಮರೆಯುವಂತಿಲ್ಲ. ಮೆಮೊರಿ ಚಿಪ್‌ಗಳಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಪ್ರಕಾರ, ಬರಹದ ಮಿತಿಯನ್ನು ಪೂರ್ತಿ ಬಳಸಿದ ಗ್ರಾಹಕ ಡ್ರೈವ್ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸ ಡ್ರೈವ್ ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ನಿಜ. ಆದರೂ ಇನ್ನೊಬ್ಬರ ಮನೆಯ ಮದುವೆಯನ್ನು ಅದರ ಭರವಸೆಯ ಮೇಲೆ ಬಿಡುವುದು ಸರಿಯಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಸ್ಟುಡಿಯೊ ನಡೆಸುವವರು ಯುಪಿಎಸ್ ಇಟ್ಟುಕೊಳ್ಳಬೇಕೆಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಬರೆಯುತ್ತಿರುವಾಗಲೇ ವಿದ್ಯುತ್ ನಿಂತರೆ ಆಗುವ ನಷ್ಟದಿಂದ ಕಾಪಾಡುವ ಕೆಪಾಸಿಟರ್‌ಗಳು ಸಾಮಾನ್ಯವಾಗಿ ಸರ್ವರ್ ಡ್ರೈವ್‌ಗಳಲ್ಲಿ ಮಾತ್ರ ಇರುತ್ತವೆ.

ಪ್ರಶ್ನೆ: ನಾನು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ಹಳೆಯ ಪಿಎಸ್‌5 (ಸೋನಿಯ ಪ್ಲೇಸ್ಟೇಷನ್ 5 ಗೇಮಿಂಗ್ ಕನ್ಸೋಲ್)ರಲ್ಲಿ ಜಾಗ ಮುಗಿದಿದೆ. ಜೆನ್ 5 ಡ್ರೈವ್ ಹಾಕಿಸಿದರೆ ಆಟಗಳು ಇನ್ನೂ ಬೇಗ ತೆರೆಯುತ್ತವೆ ಎಂದು ಅಂಗಡಿಯವರು ಹೇಳುತ್ತಾರೆ. ನನ್ನ ಬಳಿ ಇರುವ ಯುಎಸ್‌ಬಿ ಹಾರ್ಡ್ ಡಿಸ್ಕ್ ಸಾಲದೆ?

ಉತ್ತರ: ಅಂಗಡಿಯವರ ಮಾತನ್ನು ಕೇಳಬೇಡಿ. ಪಿಎಸ್‌5ರಲ್ಲಿ ಡ್ರೈವ್ ಕೂರಿಸುವ ಎಂ.2 ಸ್ಲಾಟ್ ಪಿಸಿಐಇ ಎಂಬ ಸಂಪರ್ಕದ ನಾಲ್ಕನೇ ತಲೆಮಾರಿನದು, ಅಂದರೆ ಜೆನ್ 4. ಜೆನ್ 5 ಡ್ರೈವ್ ಅಲ್ಲಿ ಜೆನ್ 4ರ ವೇಗಕ್ಕೇ ಇಳಿಯುತ್ತದೆ, ಹೆಚ್ಚಿನ ಹಣ ವ್ಯರ್ಥವಾಗುತ್ತದೆ. ಸೋನಿ ಶಿಫಾರಸು ಮಾಡಿರುವುದು ಸೆಕೆಂಡಿಗೆ 5,500 ಎಂಬಿ ಅಥವಾ ಅದಕ್ಕಿಂತ ಹೆಚ್ಚಿನ ಓದುವ ವೇಗ. ಈಗ ಸಿಗುವ ಒಳ್ಳೆಯ ಜೆನ್ 4 ಡ್ರೈವ್‌ಗಳು 7,000ದ ಹತ್ತಿರ ಇರುವುದರಿಂದ ಆ ಚಿಂತೆ ಬೇಡ. ಸಾಟಾ ಬಗೆಯ ಎಂ.2 ಡ್ರೈವ್ ನೋಡಲು ಅದೇ ಆಕಾರದಲ್ಲಿದ್ದರೂ ಕೆಲಸ ಮಾಡುವುದಿಲ್ಲ.

ವೇಗಕ್ಕಿಂತ ನೀವು ಹೆಚ್ಚು ಗಮನಿಸಬೇಕಾದದ್ದು ಹೀಟ್‌ಸಿಂಕ್, ಅಂದರೆ ಡ್ರೈವ್‌ನ ಬಿಸಿಯನ್ನು ಹೊರಹಾಕುವ ಲೋಹದ ಹೊದಿಕೆ. ಅದು ಕಡ್ಡಾಯ, ಅದೂ ಸೇರಿ ಡ್ರೈವ್‌ನ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಡೆಸ್ಕ್‌ಟಾಪ್‌ಗೆಂದು ಮಾಡಿದ ಎತ್ತರದ ಹೀಟ್‌ಸಿಂಕ್‌ಗಳು ಮುಚ್ಚಳಕ್ಕೆ ತಗಲುತ್ತವೆ. ಇನ್ನೊಂದು ಮಾತು: ಡಿರ್ಯಾಮ್ ಇಲ್ಲದ ಡ್ರೈವ್‌ಗಳು ಕಂಪ್ಯೂಟರ್‌ನಲ್ಲಿ ಮುಖ್ಯ ಮೆಮೊರಿಯ ಸ್ವಲ್ಪ ಭಾಗವನ್ನು ಎರವಲು ಪಡೆದು ಕೆಲಸ ಸಾಗಿಸುತ್ತವೆ. ಆ ಸೌಲಭ್ಯವನ್ನು ಪಿಎಸ್‌5 ಕೊಡುವುದಿಲ್ಲ. ಆಟವನ್ನು ಒಮ್ಮೆ ಬರೆದು ಹಲವು ಬಾರಿ ಓದುವುದೇ ಕನ್ಸೋಲ್‌ನ ಕೆಲಸವಾದ್ದರಿಂದ ಇದು ದೊಡ್ಡ ಅಡ್ಡಿಯಲ್ಲ, ಆದರೆ ಬೆಲೆಯಲ್ಲಿ ಸ್ವಲ್ಪವೇ ಅಂತರವಿದ್ದರೆ ಡಿರ್ಯಾಮ್ ಇರುವುದನ್ನೇ ಆರಿಸಿರಿ.

ಮೊದಲ ಮಾದರಿಯ 825 ಜಿಬಿಯಲ್ಲಿ ಬಳಕೆಗೆ ಉಳಿಯುವುದು ಸುಮಾರು 667 ಜಿಬಿ. ಸೆಪ್ಟೆಂಬರ್ 2023ರ ತಂತ್ರಾಂಶ ಪರಿಷ್ಕರಣೆಯ ನಂತರ 8 ಟಿಬಿವರೆಗಿನ ಡ್ರೈವ್ ಹಾಕಬಹುದು, ಆದರೆ ನಿಮಗೆ 2 ಟಿಬಿ ಸಾಕಷ್ಟಾಯಿತು. ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿ ಪಿಎಸ್‌5 ಆಟಗಳನ್ನು ಇಟ್ಟುಕೊಳ್ಳಬಹುದೇ ಹೊರತು ಅಲ್ಲಿಂದಲೇ ಆಡಲಾಗದು. ಪಿಎಸ್‌4 ಆಟಗಳನ್ನು ಆಡಬಹುದು. ಇರುವ ಹಾರ್ಡ್ ಡಿಸ್ಕ್‌ಗೆ ಪಿಎಸ್‌4 ಆಟಗಳನ್ನು ಸಾಗಿಸಿ ನೋಡಿರಿ, ಕೆಲವು ತಿಂಗಳು ಖರ್ಚೇ ಬೇಕಾಗದಿರಬಹುದು. ಹೊಸ ಡ್ರೈವ್ ಹಾಕಿದಾಗ ಕನ್ಸೋಲ್ ಅದನ್ನು ಫಾರ್ಮ್ಯಾಟ್ ಮಾಡುತ್ತದೆ, ಹಾಗಾಗಿ ಗೆಳೆಯರ ಡ್ರೈವ್ ತಂದು ಪರೀಕ್ಷಿಸುವ ಸಾಹಸ ಬೇಡ.

ಪ್ರಶ್ನೆ: ಕೋಲಾರದಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಕಂಪ್ಯೂಟರ್ 2014ರದ್ದು, ನಾಲ್ಕನೇ ತಲೆಮಾರಿನ ಐ5. ಹಾರ್ಡ್ ಡಿಸ್ಕ್ ತೆಗೆದು 4 ಟಿಬಿ ಎನ್‌ವಿಎಂಇ ಹಾಕಬಹುದೆ?

ಉತ್ತರ: ಆ ಕಾಲದ ಸಾಮಾನ್ಯ ಮದರ್‌ಬೋರ್ಡ್‌ಗಳಲ್ಲಿ ಎನ್‌ವಿಎಂಇ ಡ್ರೈವ್ ಕೂರುವ ಸ್ಲಾಟ್ ಇರುವುದಿಲ್ಲ. ಅಡಾಪ್ಟರ್ ಕಾರ್ಡ್ ಹಾಕಿದರೂ ಅದರಿಂದ ವಿಂಡೋಸ್ ಆರಂಭವಾಗುವುದು ಬಯಾಸ್ ಅನ್ನು (ಕಂಪ್ಯೂಟರ್ ಹಚ್ಚಿದೊಡನೆ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶವನ್ನು) ಅವಲಂಬಿಸಿದೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೊಳ್ಳಿರಿ. ಅದರ ಮಿತಿ ಸೆಕೆಂಡಿಗೆ ಸುಮಾರು 550 ಎಂಬಿಯಾದರೂ, ಹಾರ್ಡ್ ಡಿಸ್ಕ್‌ನ ತಲೆ ಅಲ್ಲಿಂದಿಲ್ಲಿಗೆ ಸರಿಯಲು ತೆಗೆದುಕೊಳ್ಳುವ ಸಮಯ ಪೂರ್ತಿ ಉಳಿಯುವುದರಿಂದ ಯಂತ್ರ ಹೊಸದಾದಂತೆ ಅನ್ನಿಸುತ್ತದೆ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಸಾವಿರ ಪುಟಗಳೂ ಕೆಲವೇ ಎಂಬಿಯಲ್ಲಿ ಮುಗಿಯುತ್ತವೆ. ಬ್ಯಾನರ್ ವಿನ್ಯಾಸಗಳ ದೊಡ್ಡ ಸಂಗ್ರಹವಿದ್ದರೂ 1 ಟಿಬಿ ಧಾರಾಳ. 4 ಟಿಬಿಯೇ ಬೇಕೆಂದಾದರೆ ಡಿಸ್ಕನ್ನು ಜಿಪಿಟಿ ಪದ್ಧತಿಯಲ್ಲಿ ವಿಭಾಗಿಸಬೇಕಾಗುತ್ತದೆ, ಏಕೆಂದರೆ ಹಳೆಯ ಎಂಬಿಆರ್ ಪದ್ಧತಿ ಸುಮಾರು 2 ಟಿಬಿಯಿಂದಾಚೆಗಿನ ಜಾಗವನ್ನು ಬಳಸಲಾರದು.

ಪ್ರಶ್ನೆ: ಚಿಂತಾಮಣಿಯಿಂದ ಬರೆಯುತ್ತಿದ್ದೇನೆ. ಆನ್‌ಲೈನ್‌ನಲ್ಲಿ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿಯೊಂದು ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಕಂಪ್ಯೂಟರ್ ಕೂಡ 16 ಟಿಬಿ ಎಂದೇ ತೋರಿಸುತ್ತಿದೆ. ಆದರೆ ನನ್ನ ಹಳೆಯ 2 ಟಿಬಿ ಡ್ರೈವ್ 1.81 ಎಂದು ತೋರಿಸುತ್ತದೆ. ಯಾವುದು ಮೋಸ?

ಉತ್ತರ: ಹಳೆಯದು ಸರಿಯಾಗಿದೆ. ತಯಾರಕರು ಟಿಬಿಯನ್ನು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ 2 ಟಿಬಿ 1.81 ಆಗಿ ಕಾಣುತ್ತದೆ. ಅದೇ ಲೆಕ್ಕದಲ್ಲಿ ನಿಜವಾದ 16 ಟಿಬಿ ಡ್ರೈವ್ 14.5ರಷ್ಟು ತೋರಿಸಬೇಕು.

ಹೊಸದು ನಕಲಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎಂ.2 ಡ್ರೈವ್‌ಗಳೇ 8 ಟಿಬಿಗೆ ನಿಲ್ಲುತ್ತವೆ. ಇಂಥವುಗಳ ಒಳಗೆ ಸಣ್ಣ ಮೆಮೊರಿ ಕಾರ್ಡೊಂದನ್ನಿಟ್ಟು, ಸುಳ್ಳು ಸಾಮರ್ಥ್ಯ ಹೇಳುವಂತೆ ಅದರ ನಿಯಂತ್ರಕವನ್ನು ತಿದ್ದಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಹೊಸ ಕಡತ ಹಳೆಯದರ ಮೇಲೆಯೇ ಬೀಳುತ್ತದೆ ಅಥವಾ ಕಳೆದುಹೋಗುತ್ತದೆ, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ. ಹಾಗಾಗಿ ಅದಕ್ಕೆ ಹಾಕಿದ ಫೋಟೊಗಳ ಮೂಲ ಪ್ರತಿಗಳನ್ನು ಅಳಿಸಬೇಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಡ್ರೈವ್‌ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. ಇಡೀ 16 ಟಿಬಿ ತುಂಬುವವರೆಗೆ ಕಾಯಬೇಕಿಲ್ಲ, 200 ಜಿಬಿಯಷ್ಟು ಬರೆದು ಪರೀಕ್ಷಿಸಿದರೆ ಸಾಮಾನ್ಯವಾಗಿ ಬಣ್ಣ ಬಯಲಾಗುತ್ತದೆ. ಮರಳಿಸುವ ಅವಧಿ ಮುಗಿಯುವ ಮೊದಲೇ ಆ ಫಲಿತಾಂಶದ ಚಿತ್ರವನ್ನು ಲಗತ್ತಿಸಿ ಹಣ ವಾಪಸು ಕೇಳಿರಿ. ಮಾರಾಟಗಾರ ಒಪ್ಪದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿರಿ.