ಮಳೆ ಬಂದ ಮರುದಿನವೇ ಪಾರ್ಕಿನಲ್ಲಿ ಅಣಬೆ ಏಳುವುದು ಹೇಗೆ? ಅದನ್ನು ತಿನ್ನಬಹುದಾ?

ಅವು ರಾತ್ರೋರಾತ್ರಿ ಹುಟ್ಟುವುದಿಲ್ಲ, ಮೊದಲೇ ಮಣ್ಣಿನಲ್ಲಿ ತಯಾರಾಗಿರುತ್ತವೆ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಂಥ ಕಡೆ ಹುಲ್ಲಿನ ಕೆಳಗೆ, ಕೊಳೆತ ಬೇರು, ತರಗೆಲೆಗಳ ನಡುವೆ ಶಿಲೀಂಧ್ರದ ಬಿಳಿ ಎಳೆಗಳು ಹರಡಿಕೊಂಡಿರುತ್ತವೆ. ಮಾವಿನ ಮರಕ್ಕೆ ಹಣ್ಣು ಹೇಗೋ, ಆ ಎಳೆಗಳಿಗೆ ಅಣಬೆ ಹಾಗೆ. ಪುಟ್ಟ ಮೊಗ್ಗಿನಲ್ಲೇ ಅದರ ಹೆಚ್ಚಿನ ಜೀವಕೋಶಗಳು ಸಿದ್ಧವಾಗಿರುತ್ತವೆ. ಮಣ್ಣು ನೆನೆದಾಗ ಅವು ನೀರು ಹೀರಿ ಉಬ್ಬುತ್ತವೆ, ಅಷ್ಟೇ. ಹೊಸ ಕೋಶ ಕಟ್ಟುತ್ತಾ ಕೂರಬೇಕಿಲ್ಲ. ಅದಕ್ಕೇ ಅಷ್ಟು ವೇಗ.

ತಿನ್ನುವುದು ಮಾತ್ರ ದಯವಿಟ್ಟು ಬೇಡ. ಹುಲ್ಲುಹಾಸಿನಲ್ಲಿ ಬರುವ ಒಂದು ದೊಡ್ಡ ಬಿಳಿ ಅಣಬೆ ಇದೆ, ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಅಂತ. ಟೋಪಿಯ ಮೇಲೆ ಕಂದು ಚೆಕ್ಕೆ, ಕಾಂಡಕ್ಕೊಂದು ಬಳೆ. ಎಳೆಯದಿದ್ದಾಗ ನೋಡಿದರೆ ತಿನ್ನುವ ಅಣಬೆ ಅಂತಲೇ ಅನಿಸುತ್ತದೆ. ತಿಂದರೆ ಕೆಲವೇ ಗಂಟೆಗಳಲ್ಲಿ ವಿಪರೀತ ವಾಂತಿ, ಭೇದಿ. ಬಲಿತ ಮೇಲೆ ಟೋಪಿಯ ಅಡಿಯ ಪದರಗಳು ಹಸಿರುಬೂದು ಬಣ್ಣಕ್ಕೆ ತಿರುಗುತ್ತವೆ, ಏಕೆಂದರೆ ಅದರ ಬೀಜಕಣಗಳೇ ಹಸಿರು. ಆ ಹಸಿರನ್ನು ನೋಡಬೇಕಿದ್ದರೆ ರಾತ್ರಿ ಕಾಂಡ ಕತ್ತರಿಸಿ, ಟೋಪಿಯನ್ನು ಪದರ ಕೆಳಗಾಗುವಂತೆ ಬಿಳಿ ಹಾಳೆಯ ಮೇಲಿಟ್ಟು ಬಟ್ಟಲು ಮುಚ್ಚಿಡಿ. ಬೆಳಿಗ್ಗೆ ಹಾಳೆಯ ಮೇಲೆ ಸಣ್ಣ ಹಸಿರು ಪುಡಿ ಗೆರೆಗೆರೆಯಾಗಿ ಬಿದ್ದಿರುತ್ತದೆ. ತುಂಬಾ ಚೆನ್ನಾಗಿ ಕಾಣುತ್ತದೆ!

ಹಸಿರು ಬರಲಿಲ್ಲ ಅಂತ ಸುಮ್ನೆ ಧೈರ್ಯ ಮಾಡಬೇಡಿ. ಪ್ರಾಣಕ್ಕೇ ಕುತ್ತು ತರುವ ಅಮಾನಿಟಾ ಜಾತಿಯ ಅಣಬೆಗಳ ಬೀಜಕಣ ಬಿಳಿ, ಮತ್ತು ಆ ವಿಷ ಕುದಿಸಿದರೂ ಹೋಗುವುದಿಲ್ಲ.