ನಿಮ್ಮ ಲೇಖನದಲ್ಲಿರುವ ‘ಚೀನಾ’ ಯಾರು?

ಪ್ರಿಯ ಲೇಖಕರೇ,

‘ಡ್ರ್ಯಾಗನ್ನಿನ ದೂರದೃಷ್ಟಿ’ ಎಂಬ ಶೀರ್ಷಿಕೆಯಲ್ಲಿ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಚೀನಾದ ವಿದೇಶಾಂಗ ನೀತಿ ಮತ್ತು ರಾಷ್ಟ್ರೀಯ ಭದ್ರತೆಯ ಹಿಂದಿರುವ ಚಿಂತನೆಯನ್ನು ಕುರಿತು ಕನ್ನಡದಲ್ಲಿ ಹನ್ನೊಂದು ಪುಟ ಬರೆಯುವ ಉತ್ಸಾಹ ಇರುವವರು ಕಡಿಮೆ. ನಿಮ್ಮ ವಾಕ್ಯಗಳು ಸ್ವಚ್ಛವಾಗಿವೆ. ಮಲಕ್ಕಾ ಜಲಸಂಧಿಯ ಭಾಗ ಚೆನ್ನಾಗಿ ಬಂದಿದೆ. ಇಷ್ಟು ಹೇಳಿ, ಎರಡನೆಯ ಓದಿನಲ್ಲಿ ನನ್ನ ನೆಮ್ಮದಿ ಕೆಡಿಸಿದ ಸಂಗತಿಗೆ ಬರುತ್ತೇನೆ.

ಮೊದಲ ಪುಟದಲ್ಲಿ ‘ಚೀನಾ’ ಎಂಬ ಪದ ಹದಿನಾಲ್ಕು ವಾಕ್ಯಗಳಿಗೆ ಕರ್ತೃವಾಗಿದೆ. ಚೀನಾ ಯೋಚಿಸುತ್ತದೆ, ಚೀನಾ ಕಾಯುತ್ತದೆ, ಚೀನಾ ಅವಮಾನವನ್ನು ಮರೆಯುವುದಿಲ್ಲ, ಚೀನಾ ಒಳಗೊಳಗೇ ನಗುತ್ತದೆ. ನೂರ ನಲವತ್ತು ಕೋಟಿ ಜನರ ದೇಶಕ್ಕೆ ನೀವು ಒಂದೇ ತಲೆ, ಒಂದೇ ಮುಖ, ಒಂದೇ ನಗು ಕೊಟ್ಟಿದ್ದೀರಿ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ಅದು ನಡೆಯುತ್ತದೆ, ನೀತಿಯನ್ನು ವಿವರಿಸಹೊರಟ ಲೇಖನದಲ್ಲಿ ನಡೆಯುವುದಿಲ್ಲ.

ನಿಮ್ಮ ಮೊದಲ ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಐದು ಸಾವಿರ ವರ್ಷಗಳ ನಾಗರಿಕತೆಯಾದ ಚೀನಾ, ನಮ್ಮಂತೆ ಚುನಾವಣೆಯಿಂದ ಚುನಾವಣೆಗೆ ಯೋಚಿಸದೆ, ಶತಮಾನಗಳ ಲೆಕ್ಕದಲ್ಲಿ ಯೋಚಿಸುತ್ತದೆ.’ ಕೇಳಲು ಗಂಭೀರವಾಗಿದೆ. ಆದರೆ 1958ರಲ್ಲಿ ದಿಢೀರ್ ಕೈಗಾರಿಕೀಕರಣದ ‘ಮಹಾ ಜಿಗಿತ’ಕ್ಕೆ ಹೊರಟು ಕೋಟ್ಯಂತರ ಜನರನ್ನು ಕ್ಷಾಮಕ್ಕೆ ದೂಡಿದ್ದೂ, 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಹೆಸರಿನಲ್ಲಿ ತನ್ನದೇ ಅಧಿಕಾರಿಗಳನ್ನು ಬೀದಿಗೆಳೆದದ್ದೂ ಇದೇ ದೇಶ. ಇವುಗಳಲ್ಲಿ ಯಾವುದು ಶತಮಾನಗಳ ಲೆಕ್ಕ? 1969ರ ಮಾರ್ಚ್‌ನಲ್ಲಿ ಉಸ್ಸೂರಿ ನದಿಯ ಝೆನ್‌ಬಾವ್ ದ್ವೀಪದಲ್ಲಿ ಸೋವಿಯತ್ ಮತ್ತು ಚೀನೀ ಸೈನಿಕರು ಪರಸ್ಪರ ಗುಂಡು ಹಾರಿಸಿದಾಗ, ಬೀಜಿಂಗ್‌ನ ಮುಂದೆ ಏಕಕಾಲಕ್ಕೆ ಎರಡು ಮಹಾಶಕ್ತಿಗಳ ಹಗೆತನವಿತ್ತು. ಆಗ ಮಾವೋ ನಾಲ್ವರು ಮಾರ್ಷಲ್‌ಗಳಿಗೆ, ಅಂದರೆ ಚೆನ್ ಯಿ, ಯೆ ಜಿಯಾನ್‌ಯಿಂಗ್, ಷು ಷಿಯಾಂಗ್‌ಚಿಯಾನ್ ಮತ್ತು ನಿಯೆ ರೋಂಗ್‌ಜೆನ್ ಅವರಿಗೆ, ಜಾಗತಿಕ ಪರಿಸ್ಥಿತಿಯನ್ನು ಅಧ್ಯಯನ ಮಾಡಿ ಹೇಳುವಂತೆ ಸೂಚಿಸಿದರು. ಇವರು ಆಸ್ಥಾನದಲ್ಲಿ ಮೆರೆಯುತ್ತಿದ್ದವರಲ್ಲ. ಹೆಸರಿಗೆ ಇನ್ನೂ ವಿದೇಶಾಂಗ ಸಚಿವರಾಗಿದ್ದ ಚೆನ್ ಯಿ ಅವರನ್ನು ಸಾಂಸ್ಕೃತಿಕ ಕ್ರಾಂತಿಯ ಯುವಪಡೆಯಾದ ರೆಡ್ ಗಾರ್ಡ್‌ಗಳು ಆಗಲೇ ಸಭೆಗಳಲ್ಲಿ ನಿಲ್ಲಿಸಿ ಖಂಡಿಸಿದ್ದರು. ಆ ನಾಲ್ವರು ಸೋವಿಯತ್ ಒಕ್ಕೂಟ ಸದ್ಯಕ್ಕೆ ದೊಡ್ಡ ಯುದ್ಧಕ್ಕೆ ಬರಲಾರದೆಂದು ಅಂದಾಜಿಸಿದರು; ಅದಕ್ಕೂ ಮುಂದೆ ಹೋಗಿ ಅಮೆರಿಕದೊಂದಿಗೆ ಉನ್ನತ ಮಟ್ಟದಲ್ಲಿ ಮಾತನಾಡಬಹುದೆಂಬ ಮಾತನ್ನು ಮುಂದಿಟ್ಟವರು ಚೆನ್ ಯಿ. ಗುಂಡಿನ ಚಕಮಕಿಯಾಗಿ ಮೂರು ವರ್ಷಗಳೊಳಗೆ, 1972ರ ಫೆಬ್ರವರಿಯಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ನಲ್ಲಿ ಇಳಿದರು. ಮೈಮೇಲೆ ಬಂದ ಅಪಾಯಕ್ಕೆ ಕೆಲವೇ ಜನ ಕೂತು ಹುಡುಕಿದ ಉಪಾಯ ಇದು. ನಿಮ್ಮ ‘ದೂರದೃಷ್ಟಿ’ಗಿಂತ ನನಗೆ ಇದು ಹೆಚ್ಚು ಚಿಂತನೆಯಂತೆ ಕಾಣುತ್ತದೆ.

ಅದೇ ಪುಟದ ಕೆಳಗೆ ಮಾವೋ ಕಾಲದ ಪ್ರಧಾನಿ ಚೌ ಎನ್‌ಲಾಯ್ ಬಂದಿದ್ದಾರೆ, ಬರಲೇಬೇಕಲ್ಲ. ಫ್ರೆಂಚ್ ಕ್ರಾಂತಿಯ ಪರಿಣಾಮವೇನೆಂದು ಕೇಳಿದಾಗ ಅವರು ‘ಈಗಲೇ ಹೇಳಲಾಗದು’ ಎಂದರೆಂಬ ಕತೆಯನ್ನು ನೀವು ಪುರಾವೆಯಂತೆ ಬಳಸಿದ್ದೀರಿ. 1972ರ ಆ ಭೇಟಿಯಲ್ಲಿ ಅಮೆರಿಕದ ದುಭಾಷಿಯಾಗಿದ್ದ ಚಾಸ್ ಫ್ರೀಮನ್ 2011ರಲ್ಲಿ ಸ್ಪಷ್ಟಪಡಿಸಿದಂತೆ, ಅಲ್ಲಿ ಮಾತು ಬಂದದ್ದು 1789ರ ಬಗ್ಗೆ ಅಲ್ಲ, 1968ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳು ಎಬ್ಬಿಸಿದ ಗಲಭೆಯ ಬಗ್ಗೆ. ನಾಲ್ಕು ವರ್ಷ ಹಿಂದಿನ ಘಟನೆಯ ಕುರಿತು ‘ಈಗಲೇ ಹೇಳಲಾಗದು’ ಎನ್ನಲು ಋಷಿಯಾಗಬೇಕಿಲ್ಲ, ಎಚ್ಚರಿಕೆಯ ರಾಜತಾಂತ್ರಿಕನಾದರೆ ಸಾಕು. ‘ಪಶ್ಚಿಮ ಚದುರಂಗ ಆಡುತ್ತದೆ, ಚೀನಾ ವೇಚಿ ಆಡುತ್ತದೆ’ ಎಂಬ ಸಾಲನ್ನೂ ಹೊಡೆದುಹಾಕಿದ್ದೇನೆ. ವೇಚಿ ಎಂದರೆ ಕಪ್ಪು-ಬಿಳಿ ಕಾಯಿಗಳಿಂದ ಎದುರಾಳಿಯನ್ನು ಸುತ್ತುವರಿಯುವ, ‘ಗೋ’ ಎಂದು ಹೆಸರಾದ ಆಟ, ಸರಿ. ಚೀನಾದ ಉದ್ಯಾನಗಳಲ್ಲಿ ಮುದುಕರು ಗುಂಪುಗಟ್ಟಿ ಆಡುವ ‘ಷಿಯಾಂಗ್‌ಚಿ’ ಚದುರಂಗದ ಸೋದರ ಸಂಬಂಧಿಯೇ. ಹಲಗೆಯ ನಡುವೆ ಒಂದು ನದಿ ಇದೆ, ಆನೆ ಅದನ್ನು ದಾಟುವಂತಿಲ್ಲ, ಕೊನೆಗೆ ಸೇನಾಧಿಪತಿಯನ್ನು ಸಿಕ್ಕಿಸಬೇಕು. ಆ ಆಟದಿಂದ ಯಾರೂ ಸಿದ್ಧಾಂತ ಕಟ್ಟದಿರುವುದು ಯಾಕೋ!

ನನ್ನನ್ನು ನಿಜವಾಗಿ ಕೆಣಕಿದ್ದು ನಾಲ್ಕನೆಯ ಪುಟದ ಒಂದು ಸಾಲು: ‘ಶಕ್ತಿಯನ್ನು ಬಚ್ಚಿಟ್ಟು ಹೊಂಚು ಹಾಕಿ ಕೂರು ಎಂಬುದೇ ಡೆಂಗ್ ಶಿಯಾವೊಪಿಂಗ್ ಚೀನಾಕ್ಕೆ ಕೊಟ್ಟ ಮಂತ್ರ.’ ಮಾವೋ ನಂತರ ಚೀನಾವನ್ನು ಮುನ್ನಡೆಸಿದ ಡೆಂಗ್ ಹೆಸರಿನಲ್ಲಿ ಇಲ್ಲಿ ನೀವು ಹೇಳುತ್ತಿರುವುದು ‘ಥಾವ್‌ಗುವಾಂಗ್ ಯಾಂಗ್‌ಹುಯಿ’ ಎಂಬ ನಾಲ್ಕಕ್ಷರದ ನುಡಿಗಟ್ಟನ್ನು. ಅಮೆರಿಕದ ರಕ್ಷಣಾ ಇಲಾಖೆಯ ವರದಿಗಳು ಇದನ್ನು ಸಾಮರ್ಥ್ಯ ಅಡಗಿಸಿ ಸಮಯ ಕಾಯುವುದೆಂದು ಅನುವಾದಿಸಿ ಜನಪ್ರಿಯಗೊಳಿಸಿದವು. ಇಂಗ್ಲಿಷಿನಲ್ಲಿ ಬರಿದೇ ಕಾಯುವುದಾಗಿದ್ದದ್ದು ನಿಮ್ಮ ಕನ್ನಡಕ್ಕೆ ಬರುವ ಹೊತ್ತಿಗೆ ಹೊಂಚು ಹಾಕುವುದಾಗಿದೆ. ಮೂಲದಲ್ಲಿ ಹೊಂಚೂ ಇಲ್ಲ, ಸಮಯವೂ ಇಲ್ಲ. ‘ಥಾವ್’ ಎಂದರೆ ಕತ್ತಿಯ ಒರೆ, ‘ಗುವಾಂಗ್’ ಬೆಳಕು, ‘ಯಾಂಗ್’ ಪೋಷಿಸುವುದು, ‘ಹುಯಿ’ ಎಂದರೆ ಮಸುಕು, ಚಾಂದ್ರಮಾಸದ ಕೊನೆಯಲ್ಲಿ ಚಂದ್ರ ಕಾಣದ ದಿನಕ್ಕೂ ಅದೇ ಹೆಸರು. ಹೊಳಪನ್ನು ಒರೆಗೆ ಸೇರಿಸಿ, ಅಮಾವಾಸ್ಯೆಯ ಕತ್ತಲಲ್ಲಿ ತನ್ನ ಪಾಡಿಗೆ ತಾನು ಬೆಳೆಯುವುದು. ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ಬೇಕೆಂದರೆ ‘ಎಲೆಮರೆಯ ಕಾಯಿ’ ಇದೆ. ಕಾಯಿ ಮುಂದೆ ಹಣ್ಣಾಗಬಹುದು, ಆದರೆ ಅದು ಯಾರ ಮೇಲೂ ಎರಗಲು ಕಾದು ಕೂತಿರುವುದಿಲ್ಲ. ಚೀನಾದ ಉದ್ದೇಶ ಸಾಧುವಾದದ್ದೆಂದು ನಾನು ವಾದಿಸುತ್ತಿಲ್ಲ. ಉದ್ದೇಶವನ್ನು ನೀವು ಸಾಕ್ಷ್ಯದಿಂದ ತೋರಿಸಬೇಕೇ ಹೊರತು ಅನುವಾದದೊಳಗೆ ತುರುಕಬಾರದೆನ್ನುತ್ತಿದ್ದೇನೆ.

ಆ ಮಾತು ಹುಟ್ಟಿದ ಸಮಯವನ್ನೂ ನೀವು ಬಿಟ್ಟಿದ್ದೀರಿ. 1989ರ ಜೂನ್‌ನಲ್ಲಿ ತಿಯಾನನ್‌ಮೆನ್ ರಕ್ತಪಾತವಾಯಿತು, ಪಾಶ್ಚಾತ್ಯ ದೇಶಗಳು ನಿರ್ಬಂಧ ಹೇರಿದವು, ವರ್ಷ ಮುಗಿಯುವುದರೊಳಗೆ ಪೂರ್ವ ಯುರೋಪಿನ ಕಮ್ಯುನಿಸ್ಟ್ ಸರ್ಕಾರಗಳು ಒಂದೊಂದಾಗಿ ಉರುಳಿದವು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ತಲೆ ತಗ್ಗಿಸಿ ನಡೆಯಿರೆಂಬ ಡೆಂಗ್ ಅವರ ಉಪದೇಶ ಆ ದಿನಗಳದ್ದು, ಅದರ ಜೊತೆಗೆ ‘ಏನಾದರೂ ಸಾಧಿಸುತ್ತಲೂ ಇರಿ’ ಎಂಬ ಬಾಲವೂ ಇತ್ತು. ಮುಂದಿನ ಎರಡು ದಶಕಗಳ ಜಗಳವೆಲ್ಲ ಆ ಬಾಲದ ಉದ್ದದ ಬಗ್ಗೆಯೇ. 2009ರಲ್ಲಿ ಆಗಿನ ಅಧ್ಯಕ್ಷ ಹು ಜಿಂಟಾವೊ ಅದಕ್ಕೆ ‘ಸಕ್ರಿಯವಾಗಿ’ ಎಂಬ ಒಂದು ಪದ ಸೇರಿಸಿದರು. 2010ರ ಕೊನೆಯಲ್ಲಿ ದಾಯ್ ಬಿಂಗ್‌ಗುವೊ ಎಂಬ ಹಿರಿಯ ರಾಜತಾಂತ್ರಿಕರು, ಶಾಂತಿಯುತ ಅಭಿವೃದ್ಧಿಯೇ ನಮ್ಮ ಹಾದಿ, ಅಮೆರಿಕದ ಸ್ಥಾನ ಕಸಿಯುವುದು ನಮ್ಮ ಗುರಿಯಲ್ಲ ಎಂದು ದೀರ್ಘ ಲೇಖನ ಬರೆಯಬೇಕಾಯಿತು. 2013ರ ಅಕ್ಟೋಬರ್‌ನಲ್ಲಿ ನೆರೆರಾಷ್ಟ್ರಗಳ ಕುರಿತ ಸಭೆಯಲ್ಲಿ ಷಿ ಜಿನ್‌ಪಿಂಗ್ ‘ಶ್ರಮಿಸಿ ಸಾಧಿಸುವುದು’ ಎಂಬ ಹೊಸ ನುಡಿಗಟ್ಟು ತಂದರು. 2003ರಲ್ಲಿ ಪಕ್ಷದ ಚಿಂತಕ ಜೆಂಗ್ ಬಿಜಿಯಾನ್ ಮುಂದಿಟ್ಟ ‘ಶಾಂತಿಯುತ ಉದಯ’ವನ್ನು ಮರುವರ್ಷವೇ ‘ಶಾಂತಿಯುತ ಅಭಿವೃದ್ಧಿ’ ಎಂದು ತಿದ್ದಿದ್ದು ಯಾಕೆ? ‘ಉದಯ’ ಎಂಬ ಪದ ಒಳಗಿನ ಕೆಲವರಿಗೂ ಹೊರಗಿನ ಕೆಲವರಿಗೂ ಬೇರೆ ಬೇರೆ ಕಾರಣಗಳಿಗೆ ಒಗ್ಗಲಿಲ್ಲ. ಒಂದೇ ತಲೆಯ ದೇಶ ಪದಗಳಿಗಾಗಿ ಇಷ್ಟೆಲ್ಲ ಗುದ್ದಾಡುತ್ತದೆಯೇ?

ನಾನು ಇಷ್ಟು ಸಿಡುಕುತ್ತಿರುವುದಕ್ಕೆ ಒಂದು ಹಳೆಯ ಕಾರಣವಿದೆ. 1988ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಬೀಜಿಂಗ್‌ಗೆ ಹೋದಾಗ ನಾನು ಒಂದು ಪತ್ರಿಕೆಯ ರಾತ್ರಿ ಪಾಳಿಯಲ್ಲಿ ಟೆಲಿಪ್ರಿಂಟರಿನ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕಿಳಿಸುವ ಹೊಸ ಹುಡುಗ. ‘ಭಾರತದತ್ತ ಕೈಚಾಚಿದ ಚೀನಾ’ ಎಂದು ಹೆಮ್ಮೆಯಿಂದ ಶೀರ್ಷಿಕೆ ಕೊಟ್ಟೆ. ಮುಖ್ಯ ಉಪಸಂಪಾದಕರು ಕೆಂಪು ಪೆನ್ನಿನಿಂದ ‘ಚೀನಾ’ಕ್ಕೆ ಸುತ್ತು ಹಾಕಿ, ‘ಚೀನಾಕ್ಕೆ ಕೈ ಇದೆಯೇನಯ್ಯಾ? ಕೈಕುಲುಕಿದ್ದು ಯಾರು?’ ಎಂದರು. ಡೆಂಗ್ ಎಂದೆ. ‘ಅವರ ಹುದ್ದೆ?’ ನಾನು ಅಧ್ಯಕ್ಷರೆಂದೆ, ಅಲ್ಲವೆಂದರು. ಪ್ರಧಾನಿಯೆಂದೆ, ಅದು ಲಿ ಪೆಂಗ್ ಎಂದರು. ಪಕ್ಷದ ಪ್ರಧಾನ ಕಾರ್ಯದರ್ಶಿಯೆಂದೆ, ಅದು ಝಾವೊ ಜಿಯಾಂಗ್ ಎಂದು ಹೇಳಿ ಕನ್ನಡಕ ತೆಗೆದಿಟ್ಟರು. ಆ 84 ವರ್ಷದ ಮನುಷ್ಯನ ಕೈಯಲ್ಲಿ ಆಗ ಉಳಿದಿದ್ದದ್ದು ಸೈನ್ಯದ ಮೇಲೆ ಹಿಡಿತವಿರುವ ಕೇಂದ್ರ ಮಿಲಿಟರಿ ಆಯೋಗದ ಅಧ್ಯಕ್ಷತೆ ಮಾತ್ರ, ಅದನ್ನು ಯಾಕೆ ಉಳಿಸಿಕೊಂಡಿದ್ದಾರೆಂದು ತಿಳಿದುಕೊಂಡು ಬಂದು ಶೀರ್ಷಿಕೆ ಬರೆ ಎಂದು ಅವರು ಕಾಗದವನ್ನು ನನ್ನತ್ತ ತಳ್ಳಿದರು. ಪುಟ ಕಟ್ಟುವವರು ಗಡಿಯಾರ ನೋಡುತ್ತಿದ್ದರು. ನನ್ನ ಕಿವಿ ಸುಡುತ್ತಿತ್ತು. ಅವರ ಮೇಲಿನ ಸಿಟ್ಟು ಇಳಿಯಲು ನನಗೆ ಒಂದೆರಡು ವರ್ಷ ಹಿಡಿಯಿತು.

ಹಾಗಾಗಿ ನಿಮ್ಮ ಎಂಟನೆಯ ಪುಟ ನೋಡಿದಾಗ ಆ ಕೆಂಪು ಪೆನ್ನು ನೆನಪಾಯಿತು. ‘ಚೀನಾದ ರಾಷ್ಟ್ರೀಯ ಭದ್ರತಾ ಚಿಂತನೆ ಗಡಿ ಮತ್ತು ಸಮುದ್ರವನ್ನು ಕೇಂದ್ರವಾಗಿಸಿಕೊಂಡಿದೆ’ ಎಂದು ಬರೆದಿದ್ದೀರಿ. 2014ರ ಏಪ್ರಿಲ್ 15ರಂದು ಕೇಂದ್ರ ರಾಷ್ಟ್ರೀಯ ಭದ್ರತಾ ಆಯೋಗದ ಮೊದಲ ಸಭೆಯಲ್ಲಿ ಷಿ ‘ಸಮಗ್ರ ರಾಷ್ಟ್ರೀಯ ಭದ್ರತಾ ದೃಷ್ಟಿ’ಯನ್ನು ಮಂಡಿಸಿ ಹನ್ನೊಂದು ಬಗೆಯ ಭದ್ರತೆಗಳನ್ನು ಹೆಸರಿಸಿದರು. ಆ ಪಟ್ಟಿಯಲ್ಲಿ ಮೊದಲನೆಯದು ನೆಲವಲ್ಲ, ಸೈನ್ಯವೂ ಅಲ್ಲ, ‘ರಾಜಕೀಯ ಭದ್ರತೆ’. ಅಂದರೆ ಪಕ್ಷದ ಆಳ್ವಿಕೆಯ ಉಳಿವು. ಸಂಸ್ಕೃತಿ, ಮಾಹಿತಿ, ಪರಿಸರ ಎಲ್ಲವೂ ಅದರೊಳಗಿವೆ. ಮರುವರ್ಷ ರಾಷ್ಟ್ರೀಯ ಭದ್ರತಾ ಕಾನೂನು ಬಂದು, ಆ ಏಪ್ರಿಲ್ 15ನ್ನೇ ಭದ್ರತಾ ಶಿಕ್ಷಣ ದಿನವನ್ನಾಗಿ ಮಾಡಿತು. ಒಬ್ಬ ಶಾಲಾ ಬಾಲಕನಿಗೆ ಆ ದಿನ ಏನು ಕಲಿಸುತ್ತಾರೆಂಬುದು ನಿಮ್ಮ ಮಲಕ್ಕಾ ಪುಟಗಳಷ್ಟೇ ಈ ಲೇಖನಕ್ಕೆ ಸೇರಿದ ವಿಷಯ.

ಉಳಿದ ಪುಟಗಳನ್ನು ನಾನು ಮುಟ್ಟಿಲ್ಲ. ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ, ‘ಚೀನಾ’ ಎಂಬ ಪದದ ಸುತ್ತ ಹಾಕಿದ ವೃತ್ತಗಳೆಲ್ಲ ನನ್ನವು. ಪ್ರತಿಯೊಂದರ ಜಾಗದಲ್ಲೂ ಒಬ್ಬ ವ್ಯಕ್ತಿಯ, ಸಮಿತಿಯ ಅಥವಾ ಇಲಾಖೆಯ ಹೆಸರು ಕೂರುತ್ತದೆಯೇ ನೋಡಿ, ಕೂರದ ವಾಕ್ಯವನ್ನು ತೆಗೆದುಹಾಕಿ. ಹನ್ನೊಂದು ಪುಟ ಆರಾದರೂ ಅಡ್ಡಿಯಿಲ್ಲ, ತಿಂಗಳೊಳಗೆ ಬಂದರೆ ಮತ್ತೆ ಓದುತ್ತೇನೆ. ‘ಡ್ರ್ಯಾಗನ್’ ಶೀರ್ಷಿಕೆಯಲ್ಲಿ ಬೇಡ.

ಇಂತಿ,
ಸಂಪಾದಕ