ಹಳೆಯ ಓಮ್ನಿಗೆ ಟೆಂಪರೇಚರ್, ಆಯಿಲ್, ವೋಲ್ಟ್ ಗೇಜ್ ಹಾಕಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಲ್ಲಿ ತೂತು ಕೊರೆಯಲಿ?

ಎಲ್ಲಿಯೂ ಕೊರೆಯಬೇಡಿ.

ಮೀಟರಿನಲ್ಲಿರುವ ಟೆಂಪರೇಚರ್ ಮುಳ್ಳು ಏಳುವುದಿಲ್ಲ, ಅದಕ್ಕೇ ಹೊರಗಿನ ಮೂರು ಗೇಜ್ ಅಂತ ಬರೆದಿದ್ದೀರಿ. ಓದಿ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ನಾನೂ ಇದೇ ಕಾರಣಕ್ಕೆ ಇದೇ ಮೂರು ಗೇಜ್ ತಂದವನು.

ನಮ್ಮದು ಗುಳೇದಗುಡ್ಡ, ಖಣದ ವ್ಯಾಪಾರ. ವಾರಕ್ಕೊಮ್ಮೆ ಗಂಟು ಕಟ್ಟಿಕೊಂಡು ಓಮ್ನಿಯಲ್ಲಿ ವಿಜಯಪುರದ ಅಂಗಡಿಗಳಿಗೆ ಹೋಗುತ್ತಿದ್ದೆ. ಮುಳ್ಳು ಸತ್ತು ಎರಡು ವರ್ಷವಾಗಿತ್ತು. ಬೇಸಿಗೆ ಬಂತೆಂದರೆ ಎದೆಯಲ್ಲಿ ಡವಡವ. ಒಂದು ದಿನ ಹುಮ್ಮಸ್ಸಿನಲ್ಲಿ 52 ಮಿಲಿಮೀಟರಿನ ಮೂರು ಗೇಜ್ ತಂದು, ನಾನೇ ಕೂತು ಹಾಕಿದೆ. ನಮ್ಮ ಕಡೆಯ ಬಿಸಿಲಿಗೆ ಒಣಗಿದ ಡ್ಯಾಶ್‌ಬೋರ್ಡ್ ಹಪ್ಪಳದ ಹಾಗಿರುತ್ತದೆ. ಮೂರನೇ ತೂತು ಕೊರೆಯುವಾಗ ಮೂಲೆಯವರೆಗೂ ಸೀಳಿತು. ಅದು ಹೋಗಲಿ ಬಿಡಿ, ಅದು ಬರೀ ಅಂದದ ನಷ್ಟ.

ನಿಜವಾದ ತಪ್ಪು ಸೆಂಡರಿನದು, ಅಂದರೆ ಇಂಜಿನ್ನಿನ ಬಿಸಿ ಅಳೆದು ಗೇಜಿಗೆ ತಿಳಿಸುವ ಸಣ್ಣ ಭಾಗದ್ದು. ಗೇಜಿನ ಜೊತೆ ಬಂದ ಸೆಂಡರ್ ಇಂಜಿನ್ನಿನಲ್ಲಿದ್ದ ಜಾಗಕ್ಕೆ ಕೂರಲಿಲ್ಲ. ಅದಕ್ಕೆ ರೇಡಿಯೇಟರಿನ ಮೇಲಿನ ಪೈಪನ್ನು ನಡುವೆ ಕತ್ತರಿಸಿ, ಒಂದು ಅಲ್ಯುಮಿನಿಯಂ ಅಡಾಪ್ಟರ್ ತೂರಿಸಿ, ಎರಡೂ ಕಡೆ ಕ್ಲಿಪ್ ಬಿಗಿದು, ಅದರಲ್ಲಿ ಸೆಂಡರ್ ಕೂರಿಸಿದೆ. ಮೊದಲು ಮುಳ್ಳು ಅಲುಗಲೇ ಇಲ್ಲ. ಎರಡೂ ಕಡೆ ರಬ್ಬರ್ ಇದ್ದರೆ ಅಡಾಪ್ಟರಿಗೆ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಎಲ್ಲಿಂದ ಬರಬೇಕು? ಬೇರೆ ವೈರ್ ಎಳೆದು ಗಾಡಿಯ ಲೋಹದ ಮೈಗೆ ಜೋಡಿಸಿದೆ. ಮುಳ್ಳು ಎದ್ದಿತು. ಓಣಿಯವರನ್ನೆಲ್ಲ ಕರೆದು ತೋರಿಸಿದೆ.

ಮೇ ತಿಂಗಳು. ಕಾಕಾ ಪಕ್ಕದ ಸೀಟಿನಲ್ಲಿದ್ದರು. ಅನಗವಾಡಿ ದಾಟುವವರೆಗೂ ಮುಳ್ಳು 90ರ ಹತ್ತಿರ ನಿಂತಿತ್ತು. ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ 80ಕ್ಕೆ ಇಳಿಯಿತು. ಆಮೇಲೆ 70. ಕೃಷ್ಣೆಯ ಗಾಳಿ ಬಡಿಯುತ್ತಿದೆ, ಇಂಜಿನ್ ತಣ್ಣಗಾಗುತ್ತಿದೆ ಅಂದುಕೊಂಡೆ. ಕಾಕಾ ಮಾತ್ರ ಸೀಟಿನಲ್ಲಿ ಅತ್ತಿತ್ತ ಹೊರಳುತ್ತಿದ್ದರು.

‘ತಮ್ಮಾ, ಕೆಳಗ ಕೆಂಡ ಇಟ್ಟಂಗಾಗೈತಲ್ಲೋ.’

‘ಮುಳ್ಳು ನೋಡ್ರಿ ಕಾಕಾ, 60ಕ್ಕ ಬಂದೈತಿ. ಬಿಸಲಿಗೆ ಹಂಗ ಅನಸ್ತೈತಿ.’

ಓಮ್ನಿಯ ಇಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಮೂರು ಸಿಲಿಂಡರಿನ 796 ಸಿಸಿ ಇಂಜಿನ್ ಮೇಲೆ ಕೂತ ಮನುಷ್ಯ ಸುಡುತ್ತಿದೆ ಅನ್ನುತ್ತಿದ್ದಾನೆ, ನಾನು ಅವನಿಗೆ ಗೇಜಿನ ಮುಳ್ಳು ತೋರಿಸುತ್ತಿದ್ದೇನೆ! ಕೊಲ್ಹಾರದಲ್ಲಿ ನಿಲ್ಲಿಸು, ಗಡಿಗೆ ಮೊಸರು ತಗೊಳ್ಳೋಣ ಅಂದರು. ಗಾಡಿ ಚೆನ್ನಾಗಿ ಓಡುತ್ತಿದೆ, ಬರುವಾಗ ತಗೊಂಡರಾಯಿತು ಅಂದೆ. ಆ ಮೊಸರಿಗೆ ನಿಂತಿದ್ದರೆ ಗಾಡಿಯ ಕೆಳಗೆ ನೀರು ಸುರಿಯುವುದು ಕಾಣುತ್ತಿತ್ತು. ಮುಳವಾಡ ಬರುವ ಮೊದಲೇ ಎಳೆಯುವುದು ಕಡಿಮೆಯಾಯಿತು, ಕಟಕಟ ಸದ್ದು ಬಂತು, ನಿಂತೇಬಿಟ್ಟಿತು. ಮುಳ್ಳು ಆಗಲೂ 50ರ ಹತ್ತಿರ ಹಾಯಾಗಿ ಮಲಗಿತ್ತು.

ಆಗಿದ್ದು ಇಷ್ಟು. ನಾನು ಬಿಗಿದ ಕ್ಲಿಪ್ ಸಡಿಲಾಗಿ ನೀರು ಹೋಗುತ್ತಿತ್ತು. ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕುದಿಯುತ್ತಿದೆ ಅಂದುಕೊಳ್ಳಿ. ಬೆರಳು ನೀರಿನೊಳಗೆ ಇದ್ದರೆ ಗೊತ್ತಾಗುತ್ತದೆ. ನೀರು ಇಳಿದು ಬೆರಳು ಮೇಲೆ ಗಾಳಿಯಲ್ಲಿ ಉಳಿದರೆ ಪಾತ್ರೆಯ ತಳ ಕೆಂಪಗಾದರೂ ಗೊತ್ತಾಗುವುದಿಲ್ಲ. ಸೆಂಡರ್ ಅಂದರೆ ಆ ಬೆರಳು. ಮೇಲಿನ ಪೈಪಿನಲ್ಲಿ ಮೊದಲು ನೀರು ಖಾಲಿಯಾಗುತ್ತದೆ, ನಾನು ಹುಡುಕಿ ಹುಡುಕಿ ಅಲ್ಲೇ ಬೆರಳು ಇಟ್ಟಿದ್ದೆ. ಅಂದರೆ ನೀರು ಸೋರಿದ್ದೂ ಗೇಜಿನಿಂದ, ಸೋರಿದ್ದನ್ನು ಮುಚ್ಚಿಟ್ಟಿದ್ದೂ ಗೇಜೇ. ಇನ್ನೊಂದು: ಬಿಸಿಯಾದ ಇಂಜಿನ್ನಿನ ನೀರನ್ನು ಥರ್ಮೋಸ್ಟಾಟ್ ಹೆಚ್ಚು ತಣ್ಣಗಾಗಲು ಬಿಡುವುದೇ ಇಲ್ಲ. ಹಾಗಿದ್ದಾಗ ಮೇ ತಿಂಗಳ ಮಧ್ಯಾಹ್ನ, ಗಂಟು ಹೇರಿಕೊಂಡು ಓಡುವಾಗ, 90ರಿಂದ 50ಕ್ಕೆ ಯಾಕೆ ಇಳಿಯಬೇಕು? ಏರುವ ಮುಳ್ಳಿಗೆ ಎಲ್ಲರೂ ಹೆದರುತ್ತಾರೆ. ಇಳಿಯುವ ಮುಳ್ಳಿಗೆ ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಕಾಕಾ ಹತ್ತಿರದ ಹೊಲದಿಂದ ಒಂದು ಕೊಡ ನೀರು ತಂದು ಸುರಿಯಲು ಹೊರಟಿದ್ದರು. ಅದೊಂದನ್ನು ತಡೆದೆ. ಕಾದ ಇಂಜಿನ್ನಿಗೆ ತಣ್ಣೀರು ಹಾಕಿದರೆ ಸೀಳಬಹುದು. ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಆಗಲೇ ಸೊಟ್ಟಗಾಗಿತ್ತು ಅನ್ನುವುದು ಬೇರೆ ಮಾತು. ಗ್ಯಾಸ್ಕೆಟ್, ಹೆಡ್ ಫೇಸಿಂಗ್, ರಿಂಗ್, ಟೋಯಿಂಗ್ ಎಲ್ಲ ಸೇರಿ 23,000 ರೂಪಾಯಿ. ಮಿಸ್ತ್ರಿ ಕೆಲಸ ಮುಗಿಸಿ, ಸತ್ತಿದ್ದ ಕಂಪನಿ ಮುಳ್ಳನ್ನೂ ಎಬ್ಬಿಸಿಕೊಟ್ಟ. ಹಾಳಾಗಿದ್ದು ಸೆಂಡರ್ ಮಾತ್ರ. ಅದಕ್ಕೆ 300 ರೂಪಾಯಿಯೂ ಆಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ನಿಮ್ಮ ಮುಳ್ಳು ನಿಜವಾಗಿ ಸತ್ತಿದೆಯಾ ನೋಡಿ. ಕೀ ಆನ್ ಮಾಡಿ, ಇಂಜಿನ್ ಚಾಲೂ ಮಾಡಬೇಡಿ. ಟೆಂಪರೇಚರ್ ಸೆಂಡರಿನ ವೈರ್ ಕಿತ್ತು ಇಂಜಿನ್ನಿನ ಲೋಹಕ್ಕೆ ಒಂದೆರಡು ಸೆಕೆಂಡ್ ಮುಟ್ಟಿಸಿ. ಹೆಚ್ಚು ಹೊತ್ತು ಬೇಡ. ಮುಳ್ಳು ಮೇಲಕ್ಕೆ ಎದ್ದರೆ ಮೀಟರೂ ವೈರೂ ಸರಿ ಇವೆ, ಸೆಂಡರ್ ಬದಲಿಸಿ. ಓಮ್ನಿ ಬರುವುದು 2019ಕ್ಕೇ ನಿಂತಿದ್ದರೂ ಇಂಥ ಸಾಮಾನು ಸಿಗುತ್ತದೆ. ಹೊಸದನ್ನು ಹಾಕುವಾಗ ತ್ರೆಡ್ಡಿಗೆ, ಅಂದರೆ ತಿರುಪಿನ ಸುತ್ತುಗೆರೆಗಳಿಗೆ, ಟೆಫ್ಲಾನ್ ಟೇಪ್ ಸುತ್ತಬೇಡಿ, ಸೆಂಡರಿಗೆ ಅರ್ಥ್ ಸಿಗುವುದೇ ತ್ರೆಡ್ಡಿನಿಂದ.

ಆಯಿಲ್ ಗೇಜ್ ಬೇಡವೇ ಬೇಡ. ಅದನ್ನು ಹಾಕಲು ಹೆಚ್ಚಿನವರು ಆಯಿಲ್ ಲೈಟಿನ ಸ್ವಿಚ್ಚನ್ನೇ ಬಿಚ್ಚಿಬಿಡುತ್ತಾರೆ. ಕೆಂಪು ಲೈಟು ಕಣ್ಣಿಗೆ ಚುಚ್ಚುತ್ತದೆ, ಮುಳ್ಳನ್ನು ನಾವೇ ನೋಡಬೇಕು. ಹಟ ಇದ್ದರೆ ಇಂಗ್ಲಿಷಿನ T ಆಕಾರದ ಕವಲು ಜೋಡಣೆ ಹಾಕಿ ಸ್ವಿಚ್ಚು, ಗೇಜಿನ ಸೆಂಡರ್ ಎರಡನ್ನೂ ಇಡಿ. ಆದರೆ ಪೇಟೆಯ ಬಹಳ ಗೇಜುಗಳ ಸೆಂಡರಿಗೆ ಇಂಚಿಗೆ 27 ತ್ರೆಡ್, ಜಪಾನಿ ಇಂಜಿನ್ನುಗಳಲ್ಲಿ 28. ಎರಡು ಸುತ್ತು ಸಲೀಸಾಗಿ ಹೋಗಿ ಮೋಸ ಮಾಡುತ್ತದೆ, ಆಮೇಲೆ ಬಿಗಿದರೆ ತ್ರೆಡ್ ಹೋಗುತ್ತದೆ.

ವೋಲ್ಟ್ ಮೀಟರ್ ಹಾಕಿಕೊಳ್ಳಿ, ತಕರಾರಿಲ್ಲ. ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ಸಣ್ಣ ಫ್ಯೂಸ್ ಹಾಕಿ ತಗೊಳ್ಳಿ. ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇದ್ದರೆ ಚಾರ್ಜಿಂಗ್ ಸರಿ ಇದೆ. ತಗಡಿನ ಪಟ್ಟಿ ಬಗ್ಗಿಸಿ ಡ್ಯಾಶ್‌ಬೋರ್ಡಿನ ಕೆಳಗೆ ತೂಗು ಹಾಕಿದರೆ ಸಾಕು.

ಉಳಿದ ದುಡ್ಡಿಗೆ ಒಂದು ಬಜರ್ ತನ್ನಿ. ಅದರ ಸೆನ್ಸರ್ ನೀರಿನಲ್ಲಿ ಮುಳುಗುವುದಲ್ಲ, ಹೆಡ್ಡಿನ ಮೇಲಿರುವ ಯಾವುದಾದರೂ ಸಣ್ಣ ಬೋಲ್ಟಿನ ಕೆಳಗೆ ವಾಷರಿನಂತೆ ಕೂರುತ್ತದೆ. ಹೆಡ್ ಬೋಲ್ಟನ್ನು ಮಾತ್ರ ಮುಟ್ಟಬೇಡಿ. ನೀರು ಪೂರ್ತಿ ಖಾಲಿಯಾದರೂ ಲೋಹದ ಬಿಸಿ ನೋಡಿ ಅದು ಕೂಗುತ್ತದೆ. ನನ್ನ ಗಾಡಿಯಲ್ಲಿ ಈಗ ಅದಿದೆ. ಕಾಕಾ ಅದನ್ನು ನಂಬುವುದಿಲ್ಲ, ಹಿಂದಿನ ಸೀಟಿನಲ್ಲಿ ಖಣದ ಗಂಟಿನ ಪಕ್ಕ ಕೂರುತ್ತಾರೆ. ಕೊಲ್ಹಾರ ಬಂದರೆ ಅವರು ಹೇಳುವ ಮೊದಲೇ ನಾನು ಗಾಡಿ ನಿಲ್ಲಿಸುತ್ತೇನೆ.